ಹೆಸರುಳಿಯದ ಚಿಪ್‌ಗಳು, ಅಳಿಯದ ಯೂನಿಕ್ಸ್

1980ರ ದಶಕದಲ್ಲಿ ಯೂನಿಕ್ಸ್ ಓಡಿಸಲೆಂದೇ ಕಟ್ಟಿದ ಕಂಪ್ಯೂಟರ್‌ಗಳ ಪಟ್ಟಿಯನ್ನು ಮುಂದಿಟ್ಟುಕೊಂಡು, ಒಂದೊಂದರ ಒಳಗೆ ಯಾವ ಪ್ರೊಸೆಸರ್ ಇತ್ತೆಂದು ಬರೆಯುತ್ತ ಹೋಗಿ. ಇಂದಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೇಳಿಯೇ ಇರದ ಹೆಸರುಗಳು ಸಾಲುಗಟ್ಟಿ ನಿಲ್ಲುತ್ತವೆ: ಝೈಲಾಗ್‌ನ ಝಡ್8000, ನ್ಯಾಷನಲ್ ಸೆಮಿಕಂಡಕ್ಟರ್‌ನ 32016, ಎಚ್‌ಪಿಯ ಫೋಕಸ್, ಎಟಿ ಅಂಡ್ ಟಿಯ ಡಬ್ಲ್ಯುಇ 32000, ಐಬಿಎಂನ ರಾಂಪ್, ಫೇರ್‌ಚೈಲ್ಡ್‌ನ ಕ್ಲಿಪ್ಪರ್, ಮೊಟೊರೊಲಾದ 88000, ಇಂಟೆಲ್ಲಿನದೇ ಐ860. ಒಂದೊಂದರ ಹಿಂದೆಯೂ ವರ್ಷಗಟ್ಟಲೆಯ ದುಡಿಮೆಯಿತ್ತು, ಅಪಾರ ಹಣವಿತ್ತು. ಹತ್ತು ಹದಿನೈದು ವರ್ಷಗಳಲ್ಲಿ ಅವು ಒಂದರ ಹಿಂದೊಂದು ಮರೆಯಾದವು. ಅವುಗಳ ಮೇಲೆ ಓಡುತ್ತಿದ್ದ ಯೂನಿಕ್ಸ್ ಮಾತ್ರ ಇಂದಿಗೂ ಇದೆ, ಅದರ ಮಾದರಿಯಲ್ಲೇ ಹುಟ್ಟಿದ ಲಿನಕ್ಸ್ ಆಂಡ್ರಾಯ್ಡ್ ಫೋನುಗಳಲ್ಲೆಲ್ಲ ಇದೆ.

ಹೀಗೇಕಾಯಿತು ಎಂದರೆ ಸಾಮಾನ್ಯವಾಗಿ ಬರುವ ಉತ್ತರ, ಇಂಟೆಲ್ ಅಗ್ಗವಾಯಿತು, ಉಳಿದವು ಸೋತವು ಎಂಬುದು. ಅದು ಸುಳ್ಳಲ್ಲ, ಆದರೆ ಅರ್ಧ ಮಾತು. ಆ ಚಿಪ್‌ಗಳಿಗೆ ಮಾರುಕಟ್ಟೆಯ ಬಾಗಿಲು ತೆರೆದದ್ದು ಯೂನಿಕ್ಸ್, ಕೊನೆಗೆ ಅವುಗಳ ಕೈಬಿಟ್ಟದ್ದೂ ಯೂನಿಕ್ಸ್. ಎರಡಕ್ಕೂ ಕಾರಣವಾದದ್ದು ಅದರ ಒಂದೇ ಗುಣ. ಈ ಕಥೆಯಲ್ಲಿ ಬೆಂಗಳೂರಿಗೂ ಕೇರಳದ ಗಡಿಯೊಳಗಿರುವ ನಮ್ಮ ಕನ್ನಡ ಶಾಲೆಗಳಿಗೂ ಪಾಲಿರುವುದರಿಂದ ಇದನ್ನು ಪೂರ್ತಿಯಾಗಿ ಒಮ್ಮೆ ನೋಡುವುದು ಅಗತ್ಯ.

ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ 1969ರಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಶುರುಮಾಡಿದ ಯೂನಿಕ್ಸ್ ಮೊದಮೊದಲು ಒಂದೊಂದು ಯಂತ್ರದ ಅಸೆಂಬ್ಲಿ ಭಾಷೆಯಲ್ಲೇ ಇತ್ತು. 1973ರಲ್ಲಿ ಅದನ್ನು ರಿಚಿಯ ಸಿ ಭಾಷೆಯಲ್ಲಿ ಹೊಸದಾಗಿ ಬರೆದರು. ಅದರ ಪೂರ್ಣ ಪರಿಣಾಮ ತಿಳಿದದ್ದು 1977ರ ಸುಮಾರಿಗೆ. ಆಸ್ಟ್ರೇಲಿಯಾದ ವಲಾಂಗಾಂಗ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಮಿಲ್ಲರ್ ಅದನ್ನು, ಅಲ್ಲಿಯವರೆಗೆ ಅದು ಓಡುತ್ತಿದ್ದ ಪಿಡಿಪಿ-11 ಯಂತ್ರಕ್ಕೆ ಯಾವ ಸಂಬಂಧವೂ ಇಲ್ಲದ ಇಂಟರ್‌ಡೇಟಾ 7/32 ಯಂತ್ರಕ್ಕೆ ಒಗ್ಗಿಸಿದರು. ಸರಿಸುಮಾರು ಅದೇ ವೇಳೆಗೆ ಬೆಲ್ ಲ್ಯಾಬ್ಸ್‌ನವರೂ ಇಂಟರ್‌ಡೇಟಾ 8/32 ಮೇಲೆ ಅದನ್ನೇ ಸಾಧಿಸಿದರು. ಕಾಸರಗೋಡಿನ ಬಾಯಾರಿನ ಕಡೆ ನೀರಿಗಾಗಿ ಸುರಂಗ ತೋಡುವ ಕಸುಬುದಾರ ಒಂದು ಗುಡ್ಡದಿಂದ ಇನ್ನೊಂದಕ್ಕೆ ಹೋದಾಗ ಮುರಕಲ್ಲಿನ ಗಡಸುತನ ಬೇರೆಯಿರಬಹುದು, ನೀರಿನ ಸೆಲೆಯ ದಿಕ್ಕು ಬೇರೆಯಿರಬಹುದು, ಕಸುಬು ಮಾತ್ರ ಅವನ ಜೊತೆಗೇ ಹೋಗುತ್ತದೆ. ಯೂನಿಕ್ಸಿಗೂ ಅಂಥ ನಡಿಗೆ ಬಂತು. ಹೊಸ ಪ್ರೊಸೆಸರಿಗೆ ಸಿ ಕಂಪೈಲರ್ ಒಂದನ್ನು ಸಿದ್ಧಮಾಡಿ, ಯಂತ್ರಕ್ಕೆ ಹತ್ತಿರದ ಸ್ವಲ್ಪ ಭಾಗವನ್ನು ಹೊಸದಾಗಿ ಬರೆದರೆ ಉಳಿದದ್ದೆಲ್ಲ ಹಾಗೆಯೇ ಓಡುತ್ತಿತ್ತು.

ಚಿಪ್ ಕಂಪನಿಗಳಿಗೆ ಇದು ವರವಾಯಿತು. ಅಲ್ಲಿಯವರೆಗೆ ಹೊಸ ಪ್ರೊಸೆಸರ್ ತಂದವರು ಅದರ ಕಾರ್ಯಾಚರಣ ವ್ಯವಸ್ಥೆ, ಎಡಿಟರ್, ಕಂಪೈಲರುಗಳನ್ನೆಲ್ಲ ಸೊನ್ನೆಯಿಂದ ಕಟ್ಟಬೇಕಿತ್ತು. ಈಗ ಎಟಿ ಅಂಡ್ ಟಿಗೆ ಪರವಾನಗಿ ಶುಲ್ಕ ಕಟ್ಟಿದರೆ ಎಲ್ಲ ಸಿದ್ಧ. ಇದರ ಮೊದಲ ಫಲಗಳಲ್ಲೊಂದು 1980ರಲ್ಲಿ ಕ್ಯಾಲಿಫೋರ್ನಿಯಾದ ಆನಿಕ್ಸ್ ಕಂಪನಿ ತಂದ ಸಿ8002. ಅದರೊಳಗಿದ್ದದ್ದು ಝೈಲಾಗ್‌ನ ಝಡ್8002. ಝಡ್8000 ಕುಟುಂಬದಲ್ಲಿದ್ದ ಟ್ರಾನ್ಸಿಸ್ಟರುಗಳು ಸುಮಾರು 17,500 ಮಾತ್ರ, 1979ರಲ್ಲಿ ಬಂದಿದ್ದ ಮೊಟೊರೊಲಾ 68000ದಲ್ಲಿ ಸುಮಾರು 68,000. ಇಷ್ಟು ಚಿಕ್ಕ ಚಿಪ್ಪಿನ ಮೇಲೆ ಹಲವರು ಒಟ್ಟಿಗೆ ಬಳಸುವ ಯೂನಿಕ್ಸ್ ಓಡಿದ್ದು ಆಗಿನ ಮಟ್ಟಿಗೆ ದೊಡ್ಡ ಸಾಧನೆ. ಝೈಲಾಗ್ ತಾನೂ ಸಿಸ್ಟಮ್ 8000 ಎಂಬ ಯಂತ್ರವನ್ನೂ ಝಿಯಸ್ ಎಂಬ ಯೂನಿಕ್ಸನ್ನೂ ತಂದಿತು. ಆದರೆ ಝಡ್8000ದಲ್ಲಿ ಮೆಮೊರಿಯನ್ನು 64 ಕಿಲೊಬೈಟ್‌ಗಳ ತುಂಡುಗಳಾಗಿ ನೋಡಬೇಕಿತ್ತು. ಪಿಡಿಪಿ-11ರ ಕಾಲದ ಪ್ರೋಗ್ರಾಮುಗಳಿಗೆ ಅದು ಸಾಕಾಗಿತ್ತು, ಮುಂದೆ ಬಂದವುಗಳಿಗೆ ಸಾಲಲಿಲ್ಲ.

ಇಲ್ಲಿ ಮೆಮೊರಿಯ ಪ್ರಶ್ನೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು. ಅನೇಕ ಚಿಪ್‌ಗಳ ಹಣೆಬರಹ ಬರೆದದ್ದು ಅದೇ. ಯೂನಿಕ್ಸಿನಲ್ಲಿ ಏಕಕಾಲಕ್ಕೆ ಹಲವು ಕೆಲಸಗಳು ನಡೆಯುತ್ತವೆ. ಒಂದರ ಮೆಮೊರಿಗೆ ಇನ್ನೊಂದು ಕೈಹಾಕದಂತೆ ತಡೆಯಬೇಕು. ಇರುವ ಮೆಮೊರಿ ಸಾಲದಾದಾಗ ಅದರ ಕೆಲವು ತುಂಡುಗಳನ್ನು, ಅಂದರೆ ಪುಟಗಳನ್ನು, ಡಿಸ್ಕಿಗೆ ಸಾಗಿಸಿ, ಬೇಕಾದಾಗ ಮರಳಿ ತರಬೇಕು. ಪ್ರೊಸೆಸರ್ ಒಂದು ಆದೇಶವನ್ನು ನಡೆಸುತ್ತಿರುವಾಗಲೇ ತನಗೆ ಬೇಕಾದ ಪುಟ ಮೆಮೊರಿಯಲ್ಲಿ ಇಲ್ಲವೆಂದು ಗೊತ್ತಾದರೆ ಅಲ್ಲಿಗೇ ನಿಂತು, ಪುಟ ಬಂದ ಮೇಲೆ ಅದೇ ಕೆಲಸವನ್ನು ಮುಂದುವರಿಸಲು ಶಕ್ತವಾಗಿರಬೇಕು. ಅಷ್ಟು ಪ್ರಸಿದ್ಧವಾದ 68000ಕ್ಕೇ ಇದು ಬರುತ್ತಿರಲಿಲ್ಲ. 1982ರಲ್ಲಿ ಬಂದ 68010 ಈ ಕೊರತೆ ನೀಗಿತು. ನ್ಯಾಷನಲ್ ಸೆಮಿಕಂಡಕ್ಟರ್‌ನವರು ತಮ್ಮ 16032 ಚಿಪ್ಪನ್ನು (ಮುಂದೆ ಅದರ ಹೆಸರು 32016 ಎಂದಾಯಿತು) ಪುಟ ಸಾಗಿಸುವ ಈ ಕ್ರಮವನ್ನು ಗಮನದಲ್ಲಿಟ್ಟುಕೊಂಡೇ ರೂಪಿಸಿದ್ದರು. ಒಳಗೆಲ್ಲ 32 ಬಿಟ್, ಆದೇಶಗಳು ಅಚ್ಚುಕಟ್ಟು, ಮೆಮೊರಿ ನೋಡಿಕೊಳ್ಳಲು ಜೊತೆಗೊಂದು ಚಿಪ್ ಬೇರೆ. ಕಾಗದದ ಮೇಲೆ ಅದು ಯೂನಿಕ್ಸಿಗೆ ಹೇಳಿ ಮಾಡಿಸಿದಂತಿತ್ತು. ಕೈಗೆ ಬಂದ ಮೊದಮೊದಲ ಚಿಪ್‌ಗಳಲ್ಲಿ ಮಾತ್ರ ದೋಷಗಳು ತುಂಬಿದ್ದವು, ವೇಗವೂ ನಿರೀಕ್ಷೆಯಷ್ಟಿರಲಿಲ್ಲ. ವಿನ್ಯಾಸ ಚೆನ್ನಾಗಿದ್ದೂ ಸಮಯಕ್ಕೆ ಸರಿಯಾಗಿ ನಂಬಿಕಸ್ತ ಚಿಪ್ ಕೊಡಲಾಗದೆ ಸೋತದ್ದಕ್ಕೆ ಈ ದಶಕದಲ್ಲಿ ಇದಕ್ಕಿಂತ ನೋವಿನ ಉದಾಹರಣೆ ನನಗೆ ಕಾಣುವುದಿಲ್ಲ.

ಆ ಚಿಪ್ಪನ್ನು ನಂಬಿದವರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಕಂಪ್ಯೂಟರ್ ವರ್ಕ್ಸ್ ಒಂದು. ಪೂರ್ವ ಲಂಡನ್ನಿನ ದುಡಿಯುವ ಜನರ ಬಡಾವಣೆಯಲ್ಲಿ ಉದ್ಯೋಗ ಹುಟ್ಟಿಸಬೇಕೆಂಬ ಆಶಯದಿಂದ ಗ್ರೇಟರ್ ಲಂಡನ್ ಕೌನ್ಸಿಲ್ ಕಡೆಯ ಹಣವೂ ಅದಕ್ಕೆ ಒದಗಿತ್ತು. 1984ರಲ್ಲಿ ಬಂದ ಅವರ ಎಂಜಿ-1 ಯಂತ್ರದ ಪರದೆಯಲ್ಲಿ ಅಡ್ಡ 1024, ಉದ್ದ 800 ಬಿಂದುಗಳಿದ್ದವು. ಸನ್ ಕಂಪನಿಯ ಯಂತ್ರಕ್ಕಿಂತ ಕಡಿಮೆ ಬೆಲೆಗೆ ಯೂನಿಕ್ಸ್ ವರ್ಕ್‌ಸ್ಟೇಷನ್ ಕೊಡುವುದು ಅವರ ಗುರಿ. ದಶಕ ಮುಗಿಯುವ ಮುನ್ನವೇ ಕಂಪನಿ ಮುಚ್ಚಿತು. ಟೆಕ್ಟ್ರಾನಿಕ್ಸ್ ಕೂಡ ಅದೇ ಚಿಪ್ಪಿನಲ್ಲಿ 6130 ಎಂಬ ಯಂತ್ರ ತಂದು ಕೈಸುಟ್ಟುಕೊಂಡಿತು. ಅದರ ಅಣ್ಣನಾದ 32032 ಹಲವು ಪ್ರೊಸೆಸರುಗಳ ಸೀಕ್ವೆಂಟ್ ಬ್ಯಾಲೆನ್ಸ್ ಯಂತ್ರಗಳಲ್ಲಿ ಕೊಂಚ ಚೆನ್ನಾಗಿ ಬಾಳಿತು.

ಪರದೆಯ ಬಿಂದುಗಳ ಮಾತು ಕನ್ನಡದವರಿಗೆ ಬಹಳ ಮುಖ್ಯ. ಆಗ ವರ್ಕ್‌ಸ್ಟೇಷನ್ನಿಗೆ ಮೂರು ಮೆಗಾಗಳ ಆದರ್ಶವಿತ್ತು: ಒಂದು ಮೆಗಾಬೈಟ್ ಮೆಮೊರಿ, ಪರದೆಯ ಮೇಲೆ ಹತ್ತು ಲಕ್ಷ ಬಿಂದುಗಳು, ಸೆಕೆಂಡಿಗೆ ಹತ್ತು ಲಕ್ಷ ಆದೇಶಗಳು. ಸಾಮಾನ್ಯ ಟರ್ಮಿನಲ್ಲಿನಲ್ಲಿ ಅಕ್ಷರಕ್ಕೆ ಇಂತಿಷ್ಟೇ ಎಂದು ಅಳೆದಿಟ್ಟ ಚೌಕ ಇರುತ್ತಿತ್ತು, ಇಂಗ್ಲಿಷ್ ಅಕ್ಷರವೊಂದು ಅದರಲ್ಲಿ ಕೂರುತ್ತಿತ್ತು. ‘ಸ್ತ್ರೀ’ ಎಂದು ಬರೆಯಲು ಸಕಾರದ ಕೆಳಗೆ ಎರಡು ಒತ್ತು, ಮೇಲೊಂದು ಗುಡಿಸು, ಪಕ್ಕದಲ್ಲಿ ದೀರ್ಘ ಬೇಕು. ಆ ಚೌಕದಲ್ಲಿ ಅದಕ್ಕೆ ಜಾಗವಿರಲಿಲ್ಲ. ಒಂದೊಂದು ಬಿಂದುವನ್ನೂ ಬೇಕಾದಂತೆ ಬೆಳಗಿಸಬಹುದಾದ ಪರದೆ ಬಂದಾಗಲೇ ನಮ್ಮ ಲಿಪಿಗೆ ಕಂಪ್ಯೂಟರಿನಲ್ಲಿ ನಿಜವಾದ ಎಡೆ ದೊರೆತದ್ದು. ಆ ಪರದೆಗಳು ದುಬಾರಿಯಾಗಿದ್ದ ಕಾಲದಲ್ಲಿ ಐಐಟಿ ಕಾನ್ಪುರದಲ್ಲಿ ಮೊಳೆತು ಸಿ-ಡಾಕ್‌ನಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನ ಬೇರೊಂದು ದಾರಿ ಹಿಡಿಯಿತು. ಅಕ್ಷರ ಜೋಡಿಸುವ ಕೆಲಸವನ್ನು ಟರ್ಮಿನಲ್ಲಿನೊಳಗೇ ಇಟ್ಟು, ಆ ಬದಿಯ ಯೂನಿಕ್ಸ್ ಯಂತ್ರಕ್ಕೆ ಸಂಕೇತಗಳನ್ನಷ್ಟೇ ಕಳಿಸುವ ಜಿಸ್ಟ್ ಟರ್ಮಿನಲ್‌ಗಳು ಬಂದವು. ಆ ಸಂಕೇತಗಳೇ ಇಸ್ಕಿ ಎಂಬ ಹೆಸರಿನಲ್ಲಿ 1991ರಲ್ಲಿ ಭಾರತೀಯ ಮಾನಕವಾದವು. ಕನ್ನಡವನ್ನು ಯಂತ್ರದಲ್ಲಿ ಹೇಗೆ ಕೂಡಿಡಬೇಕು ಎಂಬ ಪ್ರಶ್ನೆಯನ್ನೂ ಹೇಗೆ ತೋರಿಸಬೇಕು ಎಂಬ ಪ್ರಶ್ನೆಯನ್ನೂ ಬೇರ್ಪಡಿಸಿದ್ದು ದೊಡ್ಡ ಉಪಕಾರ. ಯೂನಿಕೋಡ್ ಭಾರತೀಯ ಲಿಪಿಗಳಿಗೆ ಹಿಡಿದದ್ದೂ ಇಸ್ಕಿಯ ಜಾಡನ್ನೇ.

ದೊಡ್ಡ ಕಂಪನಿಗಳು ತಮ್ಮ ಚಿಪ್ಪನ್ನು ತಾವೇ ಮಾಡಿಕೊಂಡವು. ಎಚ್‌ಪಿ 1982ರಲ್ಲಿ ಫೋಕಸ್ ತಂದಾಗ ಅದರಲ್ಲಿ ನಾಲ್ಕೂವರೆ ಲಕ್ಷ ಟ್ರಾನ್ಸಿಸ್ಟರುಗಳಿದ್ದವು, ಆ ಹೊತ್ತಿಗೆ ನಂಬಲಾಗದ ಸಂಖ್ಯೆ ಅದು. ಆ ಚಿಪ್ ಎಚ್‌ಪಿ 9000 ಸರಣಿಯ ಕೆಲವು ಯಂತ್ರಗಳಲ್ಲಿ ಓಡಿ ಅಲ್ಲಿಗೇ ಮುಗಿಯಿತು. ಯೂನಿಕ್ಸನ್ನು ಹೆತ್ತ ಎಟಿ ಅಂಡ್ ಟಿ, 1984ರಲ್ಲಿ ಕಂಪನಿ ಒಡೆದು ಕಂಪ್ಯೂಟರ್ ಮಾರುವ ಸ್ವಾತಂತ್ರ್ಯ ಸಿಕ್ಕ ಮೇಲೆ ತನ್ನದೇ ಡಬ್ಲ್ಯುಇ 32000 ಚಿಪ್ಪಿನ 3ಬಿ2 ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ಸಿಸ್ಟಮ್ ಫೈವ್ ಯೂನಿಕ್ಸನ್ನು ಬೇರೆ ಚಿಪ್‌ಗಳಿಗೆ ಒಯ್ಯುವವರಿಗೆ 3ಬಿ2ರ ಪ್ರತಿಯೇ ಮೂಲಪ್ರತಿಯಾಗಿ ಒದಗಿತು. ಯಂತ್ರವನ್ನು ಕೊಂಡವರು ಕಡಿಮೆ, ಅದರಿಂದ ಹೊರಟ ತಂತ್ರಾಂಶ ತಲುಪದ ಊರಿಲ್ಲ.

ಐಬಿಎಂನ ಆರ್‌ಟಿ ಪಿಸಿಗೆ ಸಿಗಬೇಕಾದ ಗೌರವ ಇನ್ನೂ ಸಿಕ್ಕಿಲ್ಲ ಎಂದು ನಾನು ನಂಬುತ್ತೇನೆ. ಜಾನ್ ಕಾಕ್ ಅವರ 801 ಸಂಶೋಧನೆಯಿಂದ ಹುಟ್ಟಿದ ರಾಂಪ್ ಚಿಪ್ 1986ರಲ್ಲಿ ಯಂತ್ರವಾಗಿ ಹೊರಬರುವಷ್ಟರಲ್ಲಿ ಹಳತಾಗಿತ್ತು. ನಿಧಾನವೆಂದೂ ದುಬಾರಿಯೆಂದೂ ಎಲ್ಲರೂ ಜರೆದರು. ಆದರೆ 1988ರಲ್ಲಿ ಅಮೆರಿಕದ ಎನ್‌ಎಸ್‌ಎಫ್‌ನೆಟ್ ಜಾಲದ ಬೆನ್ನೆಲುಬನ್ನು ಹೆಚ್ಚಿನ ವೇಗಕ್ಕೆ ಏರಿಸಿದಾಗ, 13 ಕೇಂದ್ರಗಳಲ್ಲಿ ದತ್ತಾಂಶವನ್ನು ದಾರಿಗೆ ಹಚ್ಚುವ ಕೆಲಸ ಮಾಡಿದ್ದು ಗುಂಪುಗುಂಪಾಗಿ ಜೋಡಿಸಿಟ್ಟ ಇದೇ ಆರ್‌ಟಿ ಯಂತ್ರಗಳು. ಅವುಗಳ ಮೇಲೆ ಓಡುತ್ತಿದ್ದದ್ದು ಬರ್ಕ್‌ಲಿ ವಿಶ್ವವಿದ್ಯಾಲಯದ ಯೂನಿಕ್ಸ್. ಇಂಟರ್‌ನೆಟ್ಟಿನ ಎಳವೆಯ ಭಾರವನ್ನು ಹೊತ್ತ ಚಿಪ್ಪಿನ ಹೆಸರು ಇಂದು ಯಾರಿಗೂ ನೆನಪಿಲ್ಲ.

ದಶಕದ ಉತ್ತರಾರ್ಧ ರಿಸ್ಕ್ ವಿನ್ಯಾಸಗಳದ್ದು. ಆದೇಶಗಳನ್ನು ಸರಳಗೊಳಿಸಿ, ಕಷ್ಟದ ಕೆಲಸವನ್ನು ಕಂಪೈಲರಿಗೆ ಬಿಡುವುದು ಅದರ ತಿರುಳು. 1987ರಲ್ಲಿ ಸನ್ ಕಂಪನಿ ಸ್ಪಾರ್ಕ್‌ಗೆ ಹೊರಳಿತು. ಪಿಡಿಪಿ-11 ಕಟ್ಟಿದ ಡೆಕ್ ಕಂಪನಿಯೇ 1989ರಲ್ಲಿ ಮಿಪ್ಸ್‌ನವರ ಚಿಪ್ ಕೊಂಡು ಡೆಕ್‌ಸ್ಟೇಷನ್ 3100 ತಯಾರಿಸಿತು. ಕ್ಲಿಪ್ಪರ್ ಚಿಪ್ಪನ್ನು ನಕ್ಷೆ ಬಿಡಿಸುವ ಯಂತ್ರಗಳ ಇಂಟರ್‌ಗ್ರಾಫ್ ಕಂಪನಿ 1987ರಲ್ಲಿ ವಿಭಾಗಸಮೇತ ಕೊಂಡುಕೊಂಡಿತು. ಚಿಪ್ ಸತ್ತ ಮೇಲೂ ಅದರ ಪೇಟೆಂಟುಗಳು ಬದುಕಿದ್ದವು, 2002ರ ರಾಜಿಯಲ್ಲಿ ಇಂಟೆಲ್ ಅವುಗಳಿಗಾಗಿ 30 ಕೋಟಿ ಡಾಲರ್ ತೆರಬೇಕಾಯಿತು. ಮೊಟೊರೊಲಾದ 88000ವನ್ನು ಡೇಟಾ ಜನರಲ್ ಮತ್ತು ಜಪಾನಿನ ಒಮ್ರಾನ್ ಬಳಸಿದವು. ಒಮ್ರಾನ್‌ನ ಲೂನಾ-88ಕೆ ಯಂತ್ರಕ್ಕೆ ಓಪನ್‌ಬಿಎಸ್‌ಡಿಯವರು ಮೂವತ್ತು ವರ್ಷಗಳಾಚೆಗೂ ಹೊಸ ಆವೃತ್ತಿ ಕೊಡುತ್ತ ಬಂದಿದ್ದಾರೆ.

ಇಂಟೆಲ್ಲಿನ ಐ860 ಬೆಂಗಳೂರಿಗೆ ಬಂದ ಚಿಪ್. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ರೊದ್ದಂ ನರಸಿಂಹ ನಿರ್ದೇಶಕರಾಗಿದ್ದಾಗ, ಯು. ಎನ್. ಸಿನ್ಹಾ ನೇತೃತ್ವದ ತಂಡ 1986ರಲ್ಲಿ ಇಂಟೆಲ್ 8086 ಮತ್ತು 8087 ಚಿಪ್‌ಗಳನ್ನು ಸಮಾನಾಂತರವಾಗಿ ಜೋಡಿಸಿ ಫ್ಲೊಸಾಲ್ವರ್ ಕಟ್ಟಿತು. ವಿಮಾನದ ರೆಕ್ಕೆಯ ಸುತ್ತ ಗಾಳಿ ಹರಿಯುವ ಲೆಕ್ಕ, ಮುಂದೆ ಹವಾಮಾನದ ಲೆಕ್ಕ ಅದರ ಕೆಲಸ. ಅದರ ಮೂರನೆಯ ಅವತಾರಕ್ಕೆ ಬಳಸಿದ್ದು ಐ860. ಹತ್ತು ಲಕ್ಷಕ್ಕೂ ಹೆಚ್ಚು ಟ್ರಾನ್ಸಿಸ್ಟರುಗಳಿದ್ದ ಆ ಚಿಪ್ಪಿನ ವೇಗವನ್ನು ಸಾಮಾನ್ಯ ಕಂಪೈಲರುಗಳಿಗೆ ಹೊರತೆಗೆಯಲು ಆಗುತ್ತಿರಲಿಲ್ಲ. ಹಾಗಾಗಿ ಯೂನಿಕ್ಸ್ ವರ್ಕ್‌ಸ್ಟೇಷನ್ನುಗಳ ಲೋಕದಲ್ಲಿ ಅದು ಸೋತಿತು. ಒಂದೇ ಬಗೆಯ ಲೆಕ್ಕವನ್ನು ಮತ್ತೆ ಮತ್ತೆ ಮಾಡುವ ಯಂತ್ರಗಳಲ್ಲಿ, ಕೈಯಿಂದಲೇ ಅಸೆಂಬ್ಲಿ ಬರೆಯಬಲ್ಲವರಿದ್ದ ಕಡೆ, ಅದಕ್ಕೊಂದು ನೆಲೆ ಸಿಕ್ಕಿತು. ಅತ್ತ ಪುಣೆಯಲ್ಲಿ ವಿಜಯ್ ಭಟ್ಕರ್ ಮುಂದಾಳತ್ವದ ಸಿ-ಡಾಕ್ 1991ರಲ್ಲಿ ಪರಮ್ 8000 ಕಟ್ಟಿದ್ದು ಬ್ರಿಟನ್ನಿನ ಇನ್‌ಮಾಸ್ ಕಂಪನಿಯ ಟ್ರಾನ್ಸ್‌ಪ್ಯೂಟರುಗಳಿಂದ, ಅದೂ ಇಂದು ಮರೆತುಹೋದ ಚಿಪ್ಪೇ. ದೊಡ್ಡ ಯಂತ್ರಗಳನ್ನು ಮಾರಲು ಹೊರಗಿನವರು ಹಿಂಜರಿಯುತ್ತಿದ್ದಾಗ ಕೈಗೆ ಸಿಕ್ಕ ಚಿಪ್‌ಗಳಿಂದ ಕೆಲಸ ಸಾಧಿಸಿದ ಈ ಎರಡು ತಂಡಗಳ ಬಗ್ಗೆ ಕನ್ನಡದಲ್ಲಿ ಇನ್ನೂ ಬರೆಯುವುದು ಬೇಕಾದಷ್ಟಿದೆ.

ಭಾರತದಲ್ಲಿ ಯೂನಿಕ್ಸ್ ಊರೂರಿಗೆ ಹೋದದ್ದು ವಿಜ್ಞಾನಿಗಳ ಮೇಜಿನಿಂದಲ್ಲ, ಬ್ಯಾಂಕುಗಳ ಮೂಲಕ. ಸಿ. ರಂಗರಾಜನ್ ಸಮಿತಿಯ 1984ರ ವರದಿಯ ನಂತರ ಬ್ಯಾಂಕುಗಳ ಗಣಕೀಕರಣ ಶುರುವಾದಾಗ ಯೂನಿಕ್ಸೇ ಮಾನಕವಾಯಿತು. ಆ ವರ್ಷದ ನವೆಂಬರಿನಲ್ಲಿ ಬಂದ ಹೊಸ ಕಂಪ್ಯೂಟರ್ ನೀತಿ ಆಮದಿನ ಕಟ್ಟು ಸಡಿಲಿಸಿತು. ಬೆಂಗಳೂರಿನ ವಿಪ್ರೊ, ಪಿಎಸ್‌ಐ, ಉತ್ತರದ ಎಚ್‌ಸಿಎಲ್ ಮುಂತಾದವು ಹೊರಗಿನ ಚಿಪ್ ತಂದು ಯೂನಿಕ್ಸ್ ಯಂತ್ರ ಕಟ್ಟತೊಡಗಿದವು. ಯೂನಿಕ್ಸನ್ನು ಮಾನಕವಾಗಿ ಆರಿಸಿದ್ದು ಬಹಳ ಜಾಣತನದ ನಿರ್ಧಾರ. ಒಬ್ಬನೇ ಮಾರಾಟಗಾರನ ಹಿಡಿತಕ್ಕೆ ಬ್ಯಾಂಕುಗಳು ಸಿಗಲಿಲ್ಲ, ಯೂನಿಕ್ಸ್ ಬಲ್ಲ ಎಂಜಿನಿಯರುಗಳ ದೊಡ್ಡ ಪೀಳಿಗೆಯೊಂದು ಬೆಳೆಯಿತು. ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯ ಎಂಬ ಐದು ಬ್ಯಾಂಕುಗಳು ಹುಟ್ಟಿದ್ದು 1956ರವರೆಗೆ ಕಾಸರಗೋಡನ್ನೂ ಒಳಗೊಂಡಿದ್ದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಬ್ಯಾಂಕಿನ ಕೆಲಸಕ್ಕೆ ಹೋದವರು ಇದ್ದೇ ಇರುತ್ತಾರೆ. 1990ರ ದಶಕದಲ್ಲಿ ಶಾಖೆಗಳ ಟರ್ಮಿನಲ್ಲಿನೆದುರು ಕೂತು ಲೆಜರಿನ ಲೆಕ್ಕ ತುಂಬಿದ ಅವರಲ್ಲಿ ಅನೇಕರು ಹೆಸರು ಗೊತ್ತಿದ್ದೋ ಇಲ್ಲದೆಯೋ ಯೂನಿಕ್ಸ್ ಬಳಸಿದವರೇ.

ಈ ಅವಧಿಯ ಇನ್ನೊಂದು ಕನ್ನಡ ನೆಲದ ಘಟನೆ ದೂರಸಂಪರ್ಕ ಸಂಸ್ಥೆ ಸಿ-ಡಾಟ್‌ನ ಗ್ರಾಮೀಣ ದೂರವಾಣಿ ವಿನಿಮಯ ಕೇಂದ್ರ. 1984ರಲ್ಲಿ ಹುಟ್ಟಿದ ಸಂಸ್ಥೆ 1986ರಲ್ಲಿ ತನ್ನ ಮೊದಲ ಗ್ರಾಮೀಣ ಕೇಂದ್ರವನ್ನು ನೆಲೆಗೊಳಿಸಿದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಹವಾನಿಯಂತ್ರಣವಿಲ್ಲದ ಕೋಣೆಯಲ್ಲಿ, ಧೂಳು ಸೆಕೆಗಳ ನಡುವೆ ಕೆಲಸ ಮಾಡುವಂತೆ ರೂಪಿಸಿದ ಕಂಪ್ಯೂಟರ್ ಅದು. ಮುಂದೆ ಬಂದ ಸಿ-ಡಾಟ್‌ನ ದೊಡ್ಡ ವಿನಿಮಯ ಕೇಂದ್ರಗಳಲ್ಲಿ ಬಿಲ್ಲು, ದಾಖಲೆಗಳನ್ನು ನೋಡಿಕೊಳ್ಳುವ ಭಾಗಕ್ಕೆ ಮೊಟೊರೊಲಾ ಚಿಪ್ಪನ್ನೂ ಅದರ ಮೇಲೆ ಯೂನಿಕ್ಸನ್ನೂ ಬಳಸಿದರು.

1990ರ ದಶಕದಲ್ಲಿ ಗಾಳಿ ತಿರುಗಿತು. ಇಂಟೆಲ್ಲಿನ 386, 486 ಚಿಪ್‌ಗಳಿಗೆ ಯೂನಿಕ್ಸ್ ಓಡಿಸುವ ಎಲ್ಲ ಸೌಕರ್ಯಗಳಿದ್ದವು, ಬೆಲೆ ಕಡಿಮೆ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ 386ರ ಮೇಲೆ ಲಿನಕ್ಸ್ ಬರೆದರು. ಕ್ಲಿಪ್ಪರಿನ ಮೇಲೆ ಓಡುತ್ತಿದ್ದ ಪ್ರೋಗ್ರಾಮನ್ನು ಇಂಟೆಲ್ಲಿಗೆ ಒಯ್ಯಲು ಮತ್ತೊಮ್ಮೆ ಕಂಪೈಲ್ ಮಾಡಿ ಅಷ್ಟಿಷ್ಟು ತಿದ್ದಿದರೆ ಆಯಿತು. ಚಿಪ್‌ಗಳಿಗೆ ಪ್ರವೇಶ ಸುಲಭ ಮಾಡಿಕೊಟ್ಟ ಗುಣವೇ ಗಿರಾಕಿಗಳಿಗೆ ನಿರ್ಗಮನವನ್ನೂ ಸುಲಭ ಮಾಡಿಕೊಟ್ಟಿತು. ವಿಂಡೋಸಿನ ಪ್ರೋಗ್ರಾಮುಗಳು ಇಂಟೆಲ್ಲನ್ನು ಬಿಟ್ಟು ಬರಲಾಗದೆ ಕಟ್ಟಿಬಿದ್ದಿದ್ದವು, ಯೂನಿಕ್ಸಿನವು ಯಾವ ಚಿಪ್ಪಿಗೂ ಕಟ್ಟುಬಿದ್ದಿರಲಿಲ್ಲ. ಆದ್ದರಿಂದ ಯೂನಿಕ್ಸನ್ನೇ ನಂಬಿದ ಚಿಪ್ಪಿಗೆ ತನ್ನ ವೇಗವೊಂದೇ ಆಸರೆ, ಆ ವೇಗದಲ್ಲಿ ಒಂದು ಸುತ್ತು ಹಿಂದೆ ಬಿದ್ದರೆ ಕಥೆ ಮುಗಿದಂತೆ. ಈ ಕಳಚುವಿಕೆ ನಿಂತಿಲ್ಲ: 2018ರಲ್ಲಿ ಲಿನಕ್ಸ್ 4.17ನೇ ಆವೃತ್ತಿಯಿಂದ ಬಳಸುವವರಿಲ್ಲದ ಎಂಟು ಪ್ರೊಸೆಸರ್ ಕುಟುಂಬಗಳನ್ನು ಒಂದೇ ಸಲಕ್ಕೆ ತೆಗೆದುಹಾಕಿದರು.

ಹೀಗೆ ಬಂದು ಹೋದ ಸಾಲಿನಲ್ಲಿ ಒಂದು ಚಿಪ್ ಮಾತ್ರ ಲೋಕವನ್ನೇ ತುಂಬಿತು. ಕೇಂಬ್ರಿಜ್‌ನ ಏಕಾರ್ನ್ ಕಂಪನಿಯಲ್ಲಿ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ವಿನ್ಯಾಸಗೊಳಿಸಿದ ಆರ್ಮ್‌ನ ಮೊದಲ ಚಿಪ್ 1985ರ ಏಪ್ರಿಲಿನಲ್ಲಿ ಕೆಲಸ ಮಾಡಿತು. ಟ್ರಾನ್ಸಿಸ್ಟರುಗಳು ಸುಮಾರು 25,000. ಆರ್ಮ್ ಮೇಲೂ ರಿಸ್ಕ್ ಐಎಕ್ಸ್ ಎಂಬ ಯೂನಿಕ್ಸ್ ಓಡಿಸಿ ಏಕಾರ್ನ್‌ನವರು ಆರ್140 ಎಂಬ ವರ್ಕ್‌ಸ್ಟೇಷನ್ ತಂದರು. ನಾಲ್ಕು ಮೆಗಾಬೈಟ್ ಮೆಮೊರಿಯ ಆ ಯಂತ್ರದಲ್ಲಿ ಒಂದೊಂದು ಪುಟವೂ 32 ಕಿಲೊಬೈಟ್ ಇದ್ದದ್ದರಿಂದ ಯೂನಿಕ್ಸಿಗೆ ಅದು ಇಕ್ಕಟ್ಟಿನ ಮನೆಯಾಯಿತು, ವರ್ಕ್‌ಸ್ಟೇಷನ್ ಆಗಿ ಅದು ಗೆಲ್ಲಲಿಲ್ಲ. ಆದರೆ ಆರ್ಮ್‌ಗೆ ವಿದ್ಯುತ್ ಬಹಳ ಕಡಿಮೆ ಸಾಕಾಗುತ್ತಿತ್ತು. ಮೇಜಿನ ಮೇಲೆ ಯಾರೂ ಬೆಲೆಕೊಡದ ಆ ಗುಣ ಅಂಗೈಯ ಯಂತ್ರಗಳ ಕಾಲ ಬಂದಾಗ ಎಲ್ಲಕ್ಕಿಂತ ಮುಖ್ಯವಾಯಿತು.

ಅದನ್ನು ಬೇಗನೆ ಕಂಡುಕೊಂಡವರಲ್ಲಿ ಬೆಂಗಳೂರಿನವರೂ ಇದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್, ಎನ್‌ಕೋರ್ ಸಾಫ್ಟ್‌ವೇರ್ ಜೊತೆ ಸೇರಿ ರೂಪಿಸಿದ ಸಿಂಪ್ಯೂಟರ್‌ನಲ್ಲಿ ಇದ್ದದ್ದು ಆರ್ಮ್ ವಂಶದ ಸ್ಟ್ರಾಂಗ್‌ಆರ್ಮ್ ಚಿಪ್, ಅದರ ಮೇಲೆ ಲಿನಕ್ಸ್. ಓದುಬರಹ ಬಾರದವರಿಗೂ ಒದಗಬೇಕೆಂದು ಅದು ಕನ್ನಡದಲ್ಲಿ ಮಾತಾಡುವಂತೆಯೂ ಮಾಡಿದ್ದರು. 2004ರಲ್ಲಿ ಬಿಇಎಲ್ ಅದನ್ನು ಅಮಿಡಾ ಹೆಸರಿನಲ್ಲಿ ತಯಾರಿಸಿತು. ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ ಎಂದು ಅದನ್ನು ಸೋಲಿನ ಲೆಕ್ಕಕ್ಕೆ ಸೇರಿಸುವುದು ವಾಡಿಕೆಯಾಗಿದೆ. ನಾನು ಒಪ್ಪುವುದಿಲ್ಲ. ಆರ್ಮ್ ಚಿಪ್, ಲಿನಕ್ಸ್, ಸ್ಪರ್ಶಕ್ಕೆ ಸ್ಪಂದಿಸುವ ಪರದೆ ಎಂಬ ಜೋಡಣೆಯನ್ನು ಆಂಡ್ರಾಯ್ಡ್ ಫೋನು ಬರುವುದಕ್ಕೆ ನಾಲ್ಕು ವರ್ಷ ಮೊದಲೇ ಬೆಂಗಳೂರು ಮಾರುಕಟ್ಟೆಗೆ ತಂದಿತ್ತು. ಕೊರತೆಯಾದದ್ದು ಬಂಡವಾಳ ಮತ್ತು ಬೆನ್ನಿಗೆ ನಿಲ್ಲುವ ಖರೀದಿದಾರರದ್ದು.

ಇನ್ನು ನಮ್ಮ ಕಾಸರಗೋಡು. ಪೈವಳಿಕೆ ಪಂಚಾಯತಿನ ಬಾಯಾರಿನಿಂದ ಕರ್ನಾಟಕದ ಕನ್ಯಾನಕ್ಕೆ ದೂರವೇನಿಲ್ಲ. ಆದರೆ ಮಕ್ಕಳು ಕಲಿಯುವುದು ಕೇರಳದ ಪಠ್ಯಕ್ರಮದಲ್ಲಿ, ಕನ್ನಡ ಮಾಧ್ಯಮದಲ್ಲಿ. ಕೇರಳ ಸರಕಾರ 2001ರಲ್ಲಿ ಐಟಿ@ಸ್ಕೂಲ್ ಯೋಜನೆ ಆರಂಭಿಸಿ, ಆ ದಶಕದಲ್ಲೇ ಶಾಲೆಗಳನ್ನು ಸ್ವತಂತ್ರ ತಂತ್ರಾಂಶದತ್ತ ತಿರುಗಿಸಿತು. 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. ಶಾಲೆಗಳಲ್ಲಿ ಓಡುವುದು ಗ್ನೂ/ಲಿನಕ್ಸ್, ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೂ ಅಚ್ಚಾಗುತ್ತದೆ. ಗಡಿಯ ಹಳ್ಳಿಯ ಮಗು ಹೈಸ್ಕೂಲಿನಲ್ಲೇ ಯೂನಿಕ್ಸ್ ಪರಂಪರೆಯ ಕಂಪ್ಯೂಟರಿನಲ್ಲಿ ಕನ್ನಡ ಟೈಪಿಸುತ್ತದೆ, ಪೈಥಾನ್ ಬರೆಯುತ್ತದೆ. ಭಾಷಾ ಅಲ್ಪಸಂಖ್ಯಾತರಾಗಿ ನಾವು ಶಿಕ್ಷಕರ ನೇಮಕಾತಿಯಿಂದ ಹಿಡಿದು ಅರ್ಜಿ ನಮೂನೆಗಳವರೆಗೆ ಅನೇಕ ವಿಷಯಗಳಿಗೆ ಹೋರಾಡಿದ್ದೇವೆ, ಹೋರಾಡಬೇಕಾಗಿದೆ. ಈ ಒಂದು ವಿಷಯದಲ್ಲಿ ನಮ್ಮ ಮಕ್ಕಳಿಗೆ ಸಿಕ್ಕಿರುವುದು ಒಳ್ಳೆಯ ಅವಕಾಶ. ತೆರೆದ ಮೂಲಸಂಕೇತವಿರುವುದರಿಂದ ಅನುವಾದದಲ್ಲಿ ತಪ್ಪು ಕಂಡರೆ ತಿದ್ದುವ ಹಕ್ಕೂ ನಮಗಿದೆ. ಅದನ್ನು ಬಳಸುವಷ್ಟು ಸಿದ್ಧತೆಯನ್ನು ನಮ್ಮ ಶಿಕ್ಷಕರೂ ಪಾಲಕರೂ ಮಾಡಿಕೊಳ್ಳಬೇಕು.

ಈಗ ಮತ್ತೆ ಹೊಸ ಚಿಪ್‌ಗಳ ಸುಗ್ಗಿ. ಬರ್ಕ್‌ಲಿಯಲ್ಲಿ 2010ರಲ್ಲಿ ಹುಟ್ಟಿದ ರಿಸ್ಕ್-ಫೈವ್ ಎಂಬ ಆದೇಶಪಟ್ಟಿಯನ್ನು ಯಾರು ಬೇಕಾದರೂ ಪರವಾನಗಿ ಶುಲ್ಕವಿಲ್ಲದೆ ಬಳಸಬಹುದು. ಐಐಟಿ ಮದ್ರಾಸಿನ ಶಕ್ತಿ, ತಿರುವನಂತಪುರದ ಸಿ-ಡಾಕ್‌ನ ವೇಗ ಇವೆರಡೂ ಅದನ್ನು ಆಧರಿಸಿದವು. 2018ರಲ್ಲಿ ಶಕ್ತಿಯ ಚಿಪ್ ಸಿದ್ಧವಾದಾಗ ಅದರ ಸಾಮರ್ಥ್ಯಕ್ಕೆ ಸಾಕ್ಷಿಯಾಗಿ ತೋರಿಸಿದ್ದು ಅದರ ಮೇಲೆ ಲಿನಕ್ಸ್ ಎದ್ದುನಿಂತದ್ದನ್ನು. ಆನಿಕ್ಸ್ ಕಾಲದ ಪರೀಕ್ಷೆಯೇ ಇದು. ವ್ಯತ್ಯಾಸವೊಂದಿದೆ: ಝಡ್8000 ಝೈಲಾಗ್‌ನದ್ದು, ರಾಂಪ್ ಐಬಿಎಂನದ್ದು, ಕಂಪನಿ ಕೈಬಿಟ್ಟ ದಿನ ಚಿಪ್ಪೂ ಅನಾಥ. ರಿಸ್ಕ್-ಫೈವ್ ಆದೇಶಪಟ್ಟಿಗೆ ಅಂಥ ಒಬ್ಬನೇ ಒಡೆಯನಿಲ್ಲ. ಶಕ್ತಿ, ವೇಗಗಳಲ್ಲಿ ಒಂದು ನಿಂತರೂ ಅದಕ್ಕಾಗಿ ಬರೆದದ್ದು ಇನ್ನೊಂದರ ಮೇಲೆ ಓಡುತ್ತದೆ. ತಿರುವನಂತಪುರದಲ್ಲಿ ವಿನ್ಯಾಸಗೊಂಡ ಪ್ರೊಸೆಸರ್ ಕೇರಳದ ಶಾಲೆಗಳ ಕಂಪ್ಯೂಟರಿನೊಳಗೆ ಬರುವುದಾದರೆ, ಒತ್ತಕ್ಷರಗಳನ್ನು ಜೋಡಿಸುವ ಹಾರ್ಫ್‌ಬಜ್ ಆಗಲಿ, ಯೂನಿಕೋಡ್ ಫಾಂಟುಗಳಾಗಲಿ, ಕನ್ನಡ ಕೀಲಿಮಣೆಯಾಗಲಿ ಹೊಸದಾಗಿ ಬರೆಯಬೇಕಾಗಿಲ್ಲ. ರಿಸ್ಕ್-ಫೈವ್ ಯಂತ್ರಗಳಿಗಾಗಿ ಕಂಪೈಲ್ ಆದ ಲಿನಕ್ಸ್ ವಿತರಣೆಗಳಲ್ಲಿ ಅವು ಈಗಲೇ ಇವೆ.